ಬೆಟ್ಟಿನೊ ರಿಕಾಸೋಲಿ

ಬ್ಯಾರನ್ ಬೆಟ್ಟಿನೊ ರಿಕಾಸೋಲಿ (ಮಾರ್ಚ್ ೯, ೧೮೦೯ – ಅಕ್ಟೋಬರ್ ೨೩, ೧೮೮೦) ಇಟಲಿಯ ರಾಜಕಾರಣಿ, ಜಮೀನುದಾರ ಮತ್ತು ಕೃಷಿ ಪ್ರಯೋಗಕಾರ. ಏಕೀಕೃತ ಇಟಲಿಯ ಎರಡನೆಯ ಪ್ರಧಾನಮಂತ್ರಿಯಾಗಿದ್ದ ಇವರು, ಟಸ್ಕನಿಯ ಪ್ರಸಿದ್ಧ ಕೆಂಪು ವೈನ್ ಆದ ಕಿಯಾಂಟಿಯಲ್ಲಿ ಸಾಂಜೊವೇಸೆ ದ್ರಾಕ್ಷಿಗೆ ಪ್ರಧಾನ ಸ್ಥಾನವನ್ನು ನಿಗದಿಪಡಿಸಿದವರೆಂದೂ ಹೆಸರಾಗಿದ್ದಾರೆ. ನಿಷ್ಠುರ ಸ್ವಭಾವದ ಕಾರಣ ಇವರನ್ನು 'ಉಕ್ಕಿನ ಬ್ಯಾರನ್' ಎಂದು ಕರೆಯಲಾಗುತ್ತಿತ್ತು.

ಆರಂಭಿಕ ಜೀವನ

ರಿಕಾಸೋಲಿ ಫ್ಲಾರೆನ್ಸ್ ನಗರದ ಪುರಾತನ ಶ್ರೀಮಂತ ಮನೆತನದಲ್ಲಿ ಜನಿಸಿದರು. ಸಿಯೆನಾ ನಗರದ ಸಮೀಪ, ಗಾಯೊಲೆ ಪ್ರದೇಶದಲ್ಲಿರುವ ಬ್ರೋಲಿಯೋ ಕೋಟೆಯು ೧೧೪೧ರಿಂದ ಈ ಮನೆತನದ ಅಧೀನದಲ್ಲಿತ್ತು. ಚಿಕ್ಕ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಬೆಟ್ಟಿನೊ ಅವರ ಪಾಲಿಗೆ ಸಾಲದಲ್ಲಿ ಮುಳುಗಿದ್ದ ಆಸ್ತಿಯೂ ತಮ್ಮಂದಿರ ಪೋಷಣೆಯೂ ಬಂದವು. ಸುಮಾರು ೧೮ನೆಯ ವಯಸ್ಸಿನಲ್ಲಿ ರಾಜಾಜ್ಞೆಯ ಮೂಲಕ ಅವರನ್ನು ಪ್ರಾಪ್ತವಯಸ್ಕರೆಂದು ಘೋಷಿಸಿ, ತಮ್ಮಂದಿರ ಪಾಲಕರನ್ನಾಗಿ ಮಾಡಲಾಯಿತು. ೧೮೩೦ರಲ್ಲಿ ಅವರು ಆನ್ನಾ ಬೊನಾಕೊರ್ಸಿ ಅವರನ್ನು ವಿವಾಹವಾದರು. ನೃತ್ಯಕೂಟವೊಂದರಲ್ಲಿ ಪತ್ನಿಯತ್ತ ಮತ್ತೊಬ್ಬ ಯುವಕ ಆಸಕ್ತಿ ತೋರಿದನೆಂದು ಕೋಪಗೊಂಡ ರಿಕಾಸೋಲಿ, ಅದೇ ರಾತ್ರಿ ಆಕೆಯನ್ನು ಗಾಡಿಯಲ್ಲಿ ಬ್ರೋಲಿಯೋಗೆ ಕರೆದೊಯ್ದರೆಂಬ ಕಥೆ ಪ್ರಚಲಿತವಾಗಿದೆ. ಆದರೆ ಅವರು ಗ್ರಾಮವಾಸಕ್ಕೆ ನಿಂತುದಕ್ಕೆ ಆಸ್ತಿಯನ್ನು ಸಾಲದಿಂದ ಬಿಡಿಸುವ ಅಗತ್ಯವೂ ಮುಖ್ಯ ಕಾರಣವಾಗಿತ್ತು.

ಬ್ರೋಲಿಯೋದ ಪ್ರಯೋಗಗಳು

ಅಂದಿನ ಟಸ್ಕನಿಯಲ್ಲಿ ಬೆಳೆಯನ್ನು ಒಡೆಯನೂ ರೈತನೂ ಹಂಚಿಕೊಳ್ಳುವ ಕೋರು ಪದ್ಧತಿ ರೂಢಿಯಲ್ಲಿತ್ತು. ಒಂದೇ ಹೊಲದಲ್ಲಿ ಧಾನ್ಯ, ಆಲಿವ್ ಮತ್ತು ದ್ರಾಕ್ಷಿಯನ್ನು ಬೆಳೆಯುತ್ತಿದ್ದರು. ಹಲವು ತಳಿಗಳ ಹಣ್ಣನ್ನು ಒಟ್ಟಿಗೆ ಹುದುಗಿಸಿದ ವೈನ್ ಬಹುಕಾಲ ಕೆಡದೆ ನಿಲ್ಲುತ್ತಿರಲಿಲ್ಲ; ದೂರದ ಮಾರುಕಟ್ಟೆಗೆ ಕಳುಹಿಸುವುದು ಕಷ್ಟವಾಗಿತ್ತು. ಫ್ರಾನ್ಸಿನಂತಹ ದೇಶಗಳಲ್ಲಿ ಸಂಚರಿಸಿ ಅಲ್ಲಿನ ವಿಧಾನಗಳನ್ನು ಕಂಡ ರಿಕಾಸೋಲಿ, ತಮ್ಮ ತೋಟದಲ್ಲಿ ತಳಿಗಳನ್ನು ಬೇರ್ಪಡಿಸಿ, ಅವುಗಳ ಗುಣವನ್ನು ಪರೀಕ್ಷಿಸಿ, ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ ನೋಡಿದರು. ಈ ಕಾರ್ಯವು ದಶಕಗಳ ಕಾಲ ನಡೆಯಿತು.

ದ್ರಾಕ್ಷಿಯ ಗುಣ ಮತ್ತು ಬೆಳೆಯ ಋತು

ರಿಕಾಸೋಲಿ ಆಯ್ದುಕೊಂಡ ಸಾಂಜೊವೇಸೆ ಬೆಳೆಗಾರನ ತಾಳ್ಮೆಯನ್ನು ಪರೀಕ್ಷಿಸುವ ತಳಿ. ಇದು ವಸಂತದಲ್ಲಿ ಬೇಗ ಚಿಗುರುವುದರಿಂದ ತಡವಾಗಿ ಬೀಳುವ ಹಿಮಕ್ಕೆ ಸಿಲುಕುವ ಅಪಾಯವಿರುತ್ತದೆ. ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ ಹೂ ಬಿಡುತ್ತದೆ. ಬೇಸಿಗೆಯ ಉತ್ತರಾರ್ಧದಲ್ಲಿ ಕಾಯಿಗೆ ಬಣ್ಣ ತಿರುಗುತ್ತದೆ. ಆದರೆ ಹಣ್ಣು ಮಾಗುವುದು ನಿಧಾನ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಕೊಯ್ಲು ನಡೆಯುತ್ತದೆ. ಅಷ್ಟರೊಳಗೆ ಶರತ್ಕಾಲದ ಮಳೆ ಬಂದರೆ ತೆಳುವಾದ ಸಿಪ್ಪೆಯ ಹಣ್ಣು ಕೊಳೆಯುತ್ತದೆ. ಮಳೆಗೆ ಹೆದರಿ ಮುಂಚೆಯೇ ಕೊಯ್ದರೆ ವೈನ್ ಹುಳಿಯೂ ಒಗರೂ ಆಗುತ್ತದೆ. ಇಳುವರಿ ಹೆಚ್ಚಾದರೆ ಬಣ್ಣ ಮತ್ತು ರುಚಿ ತೆಳುವಾಗುತ್ತವೆ.

ಕಿಯಾಂಟಿಯ ಗುಡ್ಡಗಳಲ್ಲಿ ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆಯನ್ನು ತುಂಬಿದರೆ, ರಾತ್ರಿಯ ತಂಪು ಹುಳಿ ಮತ್ತು ಪರಿಮಳವನ್ನು ಉಳಿಸುತ್ತದೆ. ಸುಣ್ಣಾಂಶವುಳ್ಳ ಆಲ್ಬರೇಸೆ ಮತ್ತು ಪದರ ಪದರವಾಗಿ ಒಡೆಯುವ ಗಾಲೆಸ್ಟ್ರೊ ಎಂಬ ಕಲ್ಲುಮಣ್ಣುಗಳು ನೀರನ್ನು ಬೇಗ ಬಸಿಯುತ್ತವೆ. ಇಲ್ಲಿನ ಉತ್ತಮ ಸಾಂಜೊವೇಸೆ ವೈನ್‌ನಲ್ಲಿ ಚೆರ್ರಿ ಹಣ್ಣು ಹಾಗೂ ವಯೊಲೆಟ್ ಹೂವಿನ ಪರಿಮಳ, ಎದ್ದು ಕಾಣುವ ಹುಳಿ ಮತ್ತು ಟ್ಯಾನಿನ್‌ನ ಒಗರು ಇರುತ್ತವೆ. ವೈನ್ ವರ್ಷಗಟ್ಟಲೆ ಬಾಳುವುದು ಈ ಹುಳಿ ಮತ್ತು ಒಗರಿನಿಂದಲೇ.

೧೮೭೨ರ ಪತ್ರ

ರಿಕಾಸೋಲಿ ತಮ್ಮ ತೀರ್ಮಾನಗಳನ್ನು ೧೮೭೨ರ ಸೆಪ್ಟೆಂಬರ್‌ನಲ್ಲಿ ಪೀಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚೆಸಾರೆ ಸ್ಟುಡಿಯಾಟಿ ಅವರಿಗೆ ಪತ್ರದ ಮೂಲಕ ತಿಳಿಸಿದರು. ಅದರ ಪ್ರಕಾರ ವೈನ್‌ನ ಪರಿಮಳ ಮತ್ತು ಕಸುವು ಸಾಂಜೊವೇಸೆಯಿಂದ ಬರುತ್ತವೆ. ಕನಾಯೊಲೊ ಎಂಬ ಇನ್ನೊಂದು ಕಪ್ಪು ದ್ರಾಕ್ಷಿಯು ಪರಿಮಳವನ್ನು ಕೆಡಿಸದೆ ಅದರ ಗಡಸುತನವನ್ನು ತಗ್ಗಿಸುತ್ತದೆ. ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿಯು ವೈನನ್ನು ಹಗುರಗೊಳಿಸುತ್ತದೆ. ಇದು ದಿನಬಳಕೆಯ ವೈನ್‌ಗೆ ಮಾತ್ರ ಸಲ್ಲತಕ್ಕದ್ದು, ಬಹುಕಾಲ ಇಡುವ ವೈನ್‌ನಲ್ಲಿ ಇದನ್ನು ಬಿಡಬಹುದು.

ರಾಜಕೀಯ ಜೀವನ

೧೮೪೭ರಲ್ಲಿ ರಿಕಾಸೋಲಿ 'ಲಾ ಪಾತ್ರಿಯಾ' ಪತ್ರಿಕೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು. ೧೮೫೯ರಲ್ಲಿ ಟಸ್ಕನಿಯ ದೊರೆ ಎರಡನೆಯ ಲಿಯೊಪೋಲ್ಡ್ ರಾಜ್ಯ ತೊರೆದ ಬಳಿಕ ಅಲ್ಲಿನ ಸರ್ಕಾರದಲ್ಲಿ ಗೃಹಮಂತ್ರಿಯಾದರು. ದೊರೆಯನ್ನು ಮರಳಿ ತರುವ ಪ್ರಯತ್ನಗಳನ್ನು ಪ್ರತಿರೋಧಿಸಿದರು. ೧೮೬೦ರ ಮಾರ್ಚ್‌ನಲ್ಲಿ ನಡೆದ ಜನಮತಗಣನೆಯ ಮೂಲಕ ಟಸ್ಕನಿಯು ವಿಟ್ಟೋರಿಯೊ ಇಮ್ಯಾನುಯೆಲೆಯ ರಾಜ್ಯಕ್ಕೆ ಸೇರಿತು. ೧೮೬೧ರ ಜೂನ್‌ನಲ್ಲಿ ಕವೂರ್ ನಿಧನರಾದಾಗ ಪ್ರಧಾನಮಂತ್ರಿಯಾದ ರಿಕಾಸೋಲಿ, ೧೮೬೨ರ ಮಾರ್ಚ್‌ವರೆಗೆ ಅಧಿಕಾರದಲ್ಲಿದ್ದರು. ೧೮೬೬ರ ಜೂನ್‌ನಿಂದ ೧೮೬೭ರ ಏಪ್ರಿಲ್‌ವರೆಗಿನ ಅವರ ಎರಡನೆಯ ಅವಧಿಯಲ್ಲಿ ವೆನಿಸ್ ಪ್ರದೇಶವು ಇಟಲಿಗೆ ಸೇರಿತು.

ಮರಣ ಮತ್ತು ಪ್ರಭಾವ

೧೮೮೦ರಲ್ಲಿ ರಿಕಾಸೋಲಿ ಬ್ರೋಲಿಯೋದಲ್ಲಿಯೇ ನಿಧನರಾದರು. ನಂತರದ ಕಾಲದಲ್ಲಿ ಅವರ ಮಿಶ್ರಣಸೂತ್ರಕ್ಕೆ ಮನ್ನಣೆ ದೊರೆಯಿತಾದರೂ, ದಿನಬಳಕೆಯ ಮತ್ತು ಬಾಳುವ ವೈನ್‌ಗಳ ನಡುವೆ ಅವರು ಮಾಡಿದ ಭೇದವು ಮರೆತುಹೋಯಿತು. ಅವರು ಹೆಸರಿಸದಿದ್ದ ಟ್ರೆಬ್ಬಿಯಾನೊ ಎಂಬ ಹೆಚ್ಚು ಇಳುವರಿಯ ಬಿಳಿ ದ್ರಾಕ್ಷಿಯೂ ಮಿಶ್ರಣದಲ್ಲಿ ವ್ಯಾಪಕವಾಯಿತು. ೧೯೬೭ರ ನಿಯಮಗಳು ಕಿಯಾಂಟಿಯಲ್ಲಿ ಶೇ. ೧೦ರಿಂದ ೩೦ರಷ್ಟು ಬಿಳಿ ದ್ರಾಕ್ಷಿಯನ್ನು ಕಡ್ಡಾಯಗೊಳಿಸಿದವು. ಇದರಿಂದ ವೈನ್ ತೆಳುವಾಯಿತೆಂದು ಅತೃಪ್ತರಾದ ಹಲವು ಉತ್ಪಾದಕರು ತಮ್ಮ ಶ್ರೇಷ್ಠ ವೈನ್‌ಗಳನ್ನು ಕಿಯಾಂಟಿ ಎಂಬ ಹೆಸರಿಲ್ಲದೆಯೇ ಮಾರಿದರು. ಕಾಲಕ್ರಮೇಣ ನಿಯಮಗಳು ಬದಲಾದವು. ಕಿಯಾಂಟಿ ಕ್ಲಾಸಿಕೊ ವಲಯದಲ್ಲಿ ಈಗ ಕನಿಷ್ಠ ಶೇ. ೮೦ರಷ್ಟು ಸಾಂಜೊವೇಸೆ ಇರಬೇಕು. ೨೦೦೬ರ ಕೊಯ್ಲಿನಿಂದ ಬಿಳಿ ದ್ರಾಕ್ಷಿಯ ಬಳಕೆಗೆ ಅವಕಾಶವಿಲ್ಲ. ಬಾಳುವ ವೈನ್ ಕುರಿತು ರಿಕಾಸೋಲಿ ೧೮೭೨ರಲ್ಲಿ ತಳೆದಿದ್ದ ನಿಲುವಿಗೆ ಹೀಗೆ ಸುಮಾರು ೧೩೪ ವರ್ಷಗಳ ನಂತರ ನಿಯಮದ ಬಲ ಬಂದಂತಾಯಿತು.