ಕರಾಟೆ ಅಂದ್ರೆ ಬರಿಗೈ: ಹೆಸರಿನ ಅರ್ಥವನ್ನೇ ಬದಲಿಸಿದ ಶಾಲಾ ಮೇಷ್ಟ್ರು ಫುನಾಕೋಶಿ

ಭಾನುವಾರ ಬೆಳಗಾದ್ರೆ ಸಾಕು, ಬಿಳಿ ಬಟ್ಟೆ ತೊಟ್ಟು ಸೊಂಟಕ್ಕೆ ಬಣ್ಣದ ಬೆಲ್ಟ್ ಬಿಗಿದ ಮಕ್ಕಳು ಶಾಲೆ ಮೈದಾನದಲ್ಲಿ ಸಾಲಾಗಿ ನಿಲ್ತಾರೆ. ಕಟಾ, ಡೋಜೋ, ಸೆನ್ಸೈ ಅನ್ನೋ ಪದಗಳು ಈಗ ಅಪ್ಪ ಅಮ್ಮಂದಿರ ಬಾಯಲ್ಲೂ ಬರ್ತವೆ. ಆದ್ರೆ ಕರಾಟೆ ಅನ್ನೋ ಹೆಸರಿಗೇ ಒಂದು ಕಾಲದಲ್ಲಿ ಬೇರೆ ಅರ್ಥ ಇತ್ತು. ಅದನ್ನು ಬದಲಿಸಲು ಹೊರಟು ಸ್ವಂತ ನಾಡಿನವರ ಸಿಟ್ಟಿಗೆ ಗುರಿಯಾದವರು ಒಬ್ಬ ಶಾಲಾ ಮೇಷ್ಟ್ರು, ಗಿಚಿನ್ ಫುನಾಕೋಶಿ.

ಫುನಾಕೋಶಿ ಹುಟ್ಟಿದ್ದು 1868ರಲ್ಲಿ, ಒಕಿನಾವಾ ದ್ವೀಪದ ಶುರಿ ಪಟ್ಟಣದಲ್ಲಿ. ಆಗ ಅದು ರ್ಯೂಕ್ಯೂ ರಾಜ್ಯ, ಚೀನಾ ಜೊತೆ ನೂರಾರು ವರ್ಷಗಳ ವ್ಯಾಪಾರ ಸಂಬಂಧ ಇದ್ದ ನಾಡು. 1879ರಲ್ಲಿ ಜಪಾನ್ ಅದನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಈ ಮಗು ಬಹಳ ದಿನ ಬದುಕಲ್ಲ ಅಂತಲೇ ಮನೆಯವರು ಅಂದುಕೊಂಡಿದ್ರು. ಹುಡುಗನಿಗೆ ಡಾಕ್ಟರ್ ಆಗುವ ಆಸೆ. ಆದ್ರೆ ಹಳೇ ಪದ್ಧತಿಯ ಜುಟ್ಟು ಬಿಟ್ಟವರಿಗೆ ವೈದ್ಯಕೀಯ ಶಾಲೆಯಲ್ಲಿ ಪ್ರವೇಶವಿರಲಿಲ್ಲ. ಜುಟ್ಟು ಕತ್ತರಿಸಲು ಮನೆಯವರು ಒಪ್ಪಲಿಲ್ಲ. ಡಾಕ್ಟರ್ ಕನಸು ಅಲ್ಲಿಗೇ ಮುಗೀತು. ಮುಂದೆ ಮೇಷ್ಟ್ರ ಕೆಲಸ ಸಿಕ್ಕಾಗ ಜುಟ್ಟು ತೆಗೆಸಿದ್ರು, ಮನೆಯಲ್ಲಿ ದೊಡ್ಡ ರಂಪವೇ ಆಯ್ತು.

ಹಗಲು ಶಾಲೆ, ರಾತ್ರಿ ಅಭ್ಯಾಸ. ಕೈಯಲ್ಲಿ ಲಾಟೀನು ಹಿಡಿದು ಗುರು ಅಂಕೋ ಅಸಾಟೋ ಅವರ ಮನೆಗೆ ನಡೆದು ಹೋಗ್ತಿದ್ರು. ಒಂದೇ ಕಟಾವನ್ನು ತಿಂಗಳುಗಟ್ಟಲೆ ಮಾಡಿಸೋರು ಗುರುಗಳು. ಕಟಾ ಅಂದ್ರೆ ಅಚ್ಚು, ರೂಪ. ಅಚ್ಚು ಸರಿಯಾಗಿ ಕೂರೋವರೆಗೂ ಮುಂದಿನದು ಇಲ್ಲ. ಅಂಕೋ ಇಟೋಸು ಅವರ ಬಳಿಯೂ ಫುನಾಕೋಶಿ ಕಲಿತರು.

1922ರಲ್ಲಿ ವಿದ್ಯೆಯ ಪ್ರದರ್ಶನ ಕೊಡಲು ಟೋಕಿಯೋಗೆ ಹೋದಾಗ ಅವರಿಗೆ ಐವತ್ತು ದಾಟಿತ್ತು. ಜೂಡೋ ಸ್ಥಾಪಕ ಜಿಗೋರೋ ಕಾನೋ ಕೂಡ ತಮ್ಮ ಶಾಲೆಗೆ ಕರೆದು ನೋಡಿದ್ರು. ವಾಪಸ್ ಬರಬೇಕಿದ್ದ ಮೇಷ್ಟ್ರು ಅಲ್ಲೇ ಉಳಿದ್ರು. ಹೆಂಡತಿ ಒಕಿನಾವಾದಲ್ಲಿ, ಇವರು ಒಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲ್‌ನ ಸಣ್ಣ ಕೋಣೆಯಲ್ಲಿ. ಹಾಸ್ಟೆಲ್ ಕಸ ಗುಡಿಸಿ, ತೋಟ ನೋಡಿಕೊಂಡು ದಿನ ದೂಡಿದ್ರು. ಅಡುಗೆಯವನಿಗೆ ಕರಾಟೆ ಹೇಳಿಕೊಟ್ಟು ಊಟದ ಬಿಲ್‌ನಲ್ಲಿ ರಿಯಾಯಿತಿ ಪಡೆದಿದ್ದೂ ಉಂಟು. ಒಮ್ಮೆ ಬಂದ ಪತ್ರಿಕಾ ವರದಿಗಾರ, ಕಸ ಗುಡಿಸ್ತಿದ್ದ ಇವರನ್ನೇ ಫುನಾಕೋಶಿ ಎಲ್ಲಿ ಅಂತ ಕೇಳಿದ. ಮೇಷ್ಟ್ರು ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದು ತಮ್ಮ ಪರಿಚಯ ಹೇಳಿಕೊಂಡ್ರು.

ಹೆಸರಿನ ಜಗಳ ಶುರುವಾಗಿದ್ದು ಇಲ್ಲಿಂದ. ನಮ್ಮಲ್ಲಿ ಹತ್ತು ಅಂದ್ರೆ ಸಂಖ್ಯೆಯೂ ಹೌದು, ಮೇಲೆ ಏರು ಅನ್ನೋದೂ ಹೌದು. ಬರೆಯುವಾಗ ಎರಡೂ ಒಂದೇ. ಜಪಾನಿನಲ್ಲಿ ಹಾಗಲ್ಲ, ಉಚ್ಚಾರ ಒಂದೇ ಆದ್ರೂ ಒಂದೊಂದು ಅರ್ಥಕ್ಕೆ ಒಂದೊಂದು ಅಕ್ಷರ. ಟೆ ಅಂದ್ರೆ ಕೈ. ಕರ ಅನ್ನೋದನ್ನು ಮೊದಲು ಚೀನಾದ ಟಾಂಗ್ ವಂಶದ ಅಕ್ಷರದಲ್ಲಿ ಬರೀತಿದ್ರು. ಹಾಗಾಗಿ ಕರಾಟೆ ಅಂದ್ರೆ ಚೀನಾ ಕೈ ಅಂತ ಅರ್ಥ. ಫುನಾಕೋಶಿ ಅದೇ ಉಚ್ಚಾರದ ಇನ್ನೊಂದು ಅಕ್ಷರ ತೆಗೆದುಕೊಂಡ್ರು. ಅದರ ಅರ್ಥ ಖಾಲಿ. ಈ ಅಕ್ಷರ ಮೊದಲು ಬಳಸಿದವರು ಇವರೇನಲ್ಲ, 1905ರಲ್ಲೇ ಒಕಿನಾವಾದ ಚೋಮೋ ಹನಾಶಿರೋ ಬರೆದಿದ್ರು. ಆದ್ರೆ ಹಟ ಹಿಡಿದು ಜಪಾನ್ ಪೂರ್ತಿ ಹಬ್ಬಿಸಿದ್ದು ಫುನಾಕೋಶಿ.

ಆಯುಧವಿಲ್ಲದ ಬರಿಗೈ ಅನ್ನೋದು ಒಂದರ್ಥ. ಇನ್ನೊಂದು ಅರ್ಥ ನಮಗೆ ಹೊಸದಲ್ಲ. ಬೌದ್ಧ ಗ್ರಂಥಗಳ ಶೂನ್ಯ ಅನ್ನೋ ಸಂಸ್ಕೃತ ಪದಕ್ಕೆ ಚೀನಾ, ಜಪಾನಿನಲ್ಲಿ ಬಳಸಿದ್ದು ಇದೇ ಅಕ್ಷರ. ಮನಸ್ಸಿನಿಂದ ಸ್ವಾರ್ಥ, ಕೆಡುಕು ಖಾಲಿ ಮಾಡಿಕೊಳ್ಳಬೇಕು ಅನ್ನೋದು ಮೇಷ್ಟ್ರ ವಾದ.

ಒಕಿನಾವಾದ ಹಲವರು ಸಿಟ್ಟಾದ್ರು. ಹಿರಿಯರಿಂದ ಬಂದ ಹೆಸರು ಅಳಿಸೋಕೆ ಇವರ್ಯಾರು ಅನ್ನೋ ಪ್ರಶ್ನೆ ಎದ್ದಿತು. ಆಗ ಜಪಾನ್ ಮತ್ತು ಚೀನಾ ನಡುವೆ ಹಗೆ ಬೆಳೀತಿತ್ತು. ಚೀನಾ ಹೆಸರು ಹೊತ್ತ ವಿದ್ಯೆ ಜಪಾನಿನಲ್ಲಿ ನೆಲೆ ನಿಲ್ಲೋದು ಕಷ್ಟ ಅನ್ನೋದೂ ನಿಜವೇ. ಕಡೆಗೆ 1936ರಲ್ಲಿ ಒಕಿನಾವಾದ ನಾಹಾ ನಗರದಲ್ಲಿ ಸೇರಿದ ಗುರುಗಳೇ ಹೊಸ ಅಕ್ಷರಕ್ಕೆ ಒಪ್ಪಿದ್ರು.

ಮೇಷ್ಟ್ರು ಕಟಾಗಳ ಹೆಸರನ್ನೂ ಬದಲಿಸಿದ್ರು. ಪಿನಾನ್ ಹೋಗಿ ಹೇಯಾನ್ ಆಯ್ತು, ಅಂದ್ರೆ ಶಾಂತಿ ನೆಮ್ಮದಿ. ನೈಹಾಂಚಿ ಹೋಗಿ ಟೆಕ್ಕಿ ಆಯ್ತು, ಅಂದ್ರೆ ಕಬ್ಬಿಣದ ಕುದುರೆ. 1924ರಲ್ಲಿ ಜೂಡೋ ಪದ್ಧತಿಯಂತೆ ಕಪ್ಪು ಬೆಲ್ಟ್ ಕೊಡಲು ಶುರು ಮಾಡಿದ್ರು. ಡಾನ್ ಅಂದ್ರೆ ಮೆಟ್ಟಿಲು. ಮೊದಲ ಕಪ್ಪು ಬೆಲ್ಟ್ ಶೋಡಾನ್, ಅಂದ್ರೆ ಬರೀ ಆರಂಭದ ಮೆಟ್ಟಿಲು. ಕಪ್ಪು ಬೆಲ್ಟ್ ಬಂತು, ಕಲಿಯೋದು ಮುಗೀತು ಅಂದುಕೊಳ್ಳೋರು ಇದನ್ನು ಗಮನಿಸಬೇಕು. ಡೋಜೋ ಅಂದ್ರೆ ದಾರಿ ಕಲಿಯುವ ಜಾಗ, ಸೆನ್ಸೈ ಅಂದ್ರೆ ಮೊದಲು ಹುಟ್ಟಿದವರು.

ಎಷ್ಟೋ ಬೋರ್ಡ್‌ಗಳ ಮೇಲಿರುವ ಶೋಟೋಕಾನ್ ಕೂಡ ಇವರದೇ. ಪೈನ್ ಮರಗಳಲ್ಲಿ ಗಾಳಿ ಮಾಡುವ ಅಲೆಯ ಸದ್ದಿಗೆ ಶೋಟೋ ಅಂತಾರೆ, ಅದು ಕವಿತೆ ಬರೀತಿದ್ದ ಮೇಷ್ಟ್ರ ಕಾವ್ಯನಾಮ. ಕಾನ್ ಅಂದ್ರೆ ಸಭಾಂಗಣ. ಶಿಷ್ಯರು ಚಂದಾ ಎತ್ತಿ ಟೋಕಿಯೋದಲ್ಲಿ ಕಟ್ಟಿಸಿದ ಕಟ್ಟಡಕ್ಕೆ ಇಟ್ಟ ಹೆಸರದು.

1945ರ ಬಾಂಬ್ ದಾಳಿಯಲ್ಲಿ ಆ ಕಟ್ಟಡ ಸುಟ್ಟು ಹೋಯ್ತು. ಅದೇ ವರ್ಷ ಕಾಯಿಲೆಯಿಂದ ಮಗ ಯೋಶಿತಾಕಾ ತೀರಿಕೊಂಡ್ರು. ಹುಟ್ಟೂರು ಶುರಿ ಯುದ್ಧದಲ್ಲಿ ನೆಲಸಮವಾಯ್ತು. ಎರಡು ದಶಕ ದೂರವಿದ್ದ ಹೆಂಡತಿ ನಿರಾಶ್ರಿತರಾಗಿ ಕ್ಯೂಶೂ ದ್ವೀಪಕ್ಕೆ ಬಂದಾಗ ಮೇಷ್ಟ್ರು ಅಲ್ಲಿಗೆ ಹೋಗಿ ಜೊತೆಗಿದ್ರು. 1947ರಲ್ಲಿ ಆಕೆಯೂ ಹೋದರು. ಎಂಬತ್ತರ ಹತ್ತಿರದ ಮೇಷ್ಟ್ರು ಟೋಕಿಯೋಗೆ ಮರಳಿ ಮತ್ತೆ ಪಾಠ ಶುರು ಮಾಡಿದ್ರು.

1957ರ ಏಪ್ರಿಲ್ 26ರಂದು, 88ನೇ ವಯಸ್ಸಿನಲ್ಲಿ ಫುನಾಕೋಶಿ ನಿಧನರಾದರು. ಕಾಮಾಕುರಾ ಊರಿನ ಎಂಗಾಕುಜಿ ದೇಗುಲದಲ್ಲಿ ಅವರ ಸ್ಮಾರಕ ಶಿಲೆ ಇದೆ. ಕರಾಟೆ ಕಲಿತವನು ಮೊದಲು ಕೈ ಎತ್ತಬಾರದು ಅನ್ನೋ ಅವರ ನಿಯಮವನ್ನು ಅದರ ಮೇಲೆ ಕೆತ್ತಿದ್ದಾರೆ.