ಜೆ.ಬಿ.ಎಸ್. ಹಾಲ್ಡೇನ್ ಮತ್ತು ಜೋಡಿ ಜೀನುಗಳು

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಜೀವದ ಉಗಮದ ಪಾಠ ಓದಿದವರಿಗೆ ಒಪಾರಿನ್ ಜೊತೆ ಹಾಲ್ಡೇನ್ ಹೆಸರೂ ಗೊತ್ತು. ಪಾಠದಲ್ಲಿ ಅವರು ಇಂಗ್ಲೆಂಡಿನವರು. ಆದರೆ ಅವರು ತೀರಿಕೊಂಡದ್ದು ಭಾರತದ ಪ್ರಜೆಯಾಗಿ, ಭುವನೇಶ್ವರದಲ್ಲಿ.

1892ರ ನವೆಂಬರ್ 5ರಂದು ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದರು. ತಂದೆ ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ. ಹುಡುಗನಾಗಿದ್ದಾಗಲೇ ತಂದೆಯ ಪ್ರಯೋಗಗಳಲ್ಲಿ ಜೊತೆಗಿದ್ದರು. ಅಚ್ಚರಿಯೆಂದರೆ ಅವರಿಗೆ ವಿಜ್ಞಾನದ ಪದವಿಯೇ ಇರಲಿಲ್ಲ. ಓದಿದ್ದು ಗ್ರೀಕ್, ಲ್ಯಾಟಿನ್ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ. ಮೊದಲ ಮಹಾಯುದ್ಧದಲ್ಲಿ ಈಗಿನ ಇರಾಕ್‌ನಲ್ಲಿ ಗಾಯಗೊಂಡು ಚಿಕಿತ್ಸೆಗೆ ಭಾರತಕ್ಕೆ ಬಂದರು. ಈ ದೇಶದ ನಂಟು ಶುರುವಾದದ್ದು ಹಾಗೆ.

ವಿಕಾಸವನ್ನು ಗಣಿತದಿಂದ ಲೆಕ್ಕ ಹಾಕಿದವರೆಂದು ಹಾಲ್ಡೇನ್ ಪ್ರಸಿದ್ಧರು. 1930ರ ದಶಕದ ಆರಂಭದಲ್ಲಿ ಅವರು ಬರೆದ ಒಂದು ಸಣ್ಣ ವಿಚಾರ ನನಗೆ ಅದಕ್ಕಿಂತ ಇಷ್ಟ. ಒಂದು ಜೀನ್ ಅಕಸ್ಮಾತ್ತಾಗಿ ಎರಡು ಪ್ರತಿಯಾದರೆ, ಒಂದು ಪ್ರತಿ ಹಳೆಯ ಕೆಲಸ ನೋಡಿಕೊಳ್ಳುತ್ತದೆ. ಇನ್ನೊಂದು ಬದಲಾದರೂ ಜೀವಿಗೆ ನಷ್ಟವಿಲ್ಲ, ಅದು ಹೊಸ ಕೆಲಸ ಕಲಿಯಬಹುದು. ಡಿಎನ್‌ಎ ರಚನೆ ತಿಳಿಯುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಇತ್ತು!

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಕಾಗಿನೆಲೆಯ ಕುರಿಹಿಂಡಿನಲ್ಲೇ ಇದೆ. ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗ ಹಾಲು ಇಳಿಸುವುದು ಆಕ್ಸಿಟೋಸಿನ್. ಬಿಸಿಲಲ್ಲಿ ಮೇಯುವಾಗ ಮೂತ್ರಪಿಂಡ ನೀರು ಉಳಿಸುವಂತೆ ಮಾಡುವುದು ವ್ಯಾಸೊಪ್ರೆಸಿನ್. ರೋಜಾ ಇದ್ದ ದಿನ ನಮ್ಮ ದೇಹದಲ್ಲೂ ವ್ಯಾಸೊಪ್ರೆಸಿನ್ ಇದೇ ಕೆಲಸ ಮಾಡುತ್ತದೆ. ಎರಡರಲ್ಲೂ ಒಂಬತ್ತೇ ಅಮೈನೋ ಆಮ್ಲಗಳು, ವ್ಯತ್ಯಾಸ ಎರಡರಲ್ಲಿ ಮಾತ್ರ. ದವಡೆಯಿಲ್ಲದ ಲ್ಯಾಂಪ್ರೆ ಮೀನಿನಲ್ಲಿ ಈ ಕುಟುಂಬದ ಹಾರ್ಮೋನು ಒಂದೇ. ಹಳೆಯ ಜೀನ್ ನಕಲಾಗಿ ಎರಡಾಯಿತು. ಹಾರ್ಮೋನು ಬೀಗದ ಕೈಯಾದರೆ ಗ್ರಾಹಕ ಬೀಗ. ಕೈ ಮಾತ್ರ ಬದಲಾದರೆ ಸಾಲದು. ಗ್ರಾಹಕಗಳ ಜೀನುಗಳೂ ನಕಲಾದವು. ಇಂದು ನಮ್ಮಲ್ಲಿ ಆಕ್ಸಿಟೋಸಿನ್‌ಗೆ ಒಂದು, ವ್ಯಾಸೊಪ್ರೆಸಿನ್‌ಗೆ ಮೂರು ಬಗೆಯ ಗ್ರಾಹಕಗಳಿವೆ. ನೀರು ಉಳಿಸುವ ಗ್ರಾಹಕ ಇರುವುದು ಮೂತ್ರಪಿಂಡದಲ್ಲಿ, ರಕ್ತನಾಳವನ್ನು ಬಿಗಿಮಾಡುವುದು ಬೇರೆಯದು.

1957ರಲ್ಲಿ ಹಾಲ್ಡೇನ್ ಪತ್ನಿ ಹೆಲೆನ್ ಸ್ಪರ್ವೇ ಜೊತೆ ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಕುರ್ತಾ ತೊಟ್ಟರು, ಮಾಂಸ ಬಿಟ್ಟರು, ಭಾರತದ ಪೌರತ್ವ ಪಡೆದರು. ಬೆಲೆಬಾಳುವ ಯಂತ್ರಗಳಿಲ್ಲದೆಯೂ ಗಿಡ, ಹಕ್ಕಿಗಳನ್ನು ಎಣಿಸಿ, ಗಮನಿಸಿ ಸಂಶೋಧನೆ ಮಾಡಬಹುದೆಂದು ಇಲ್ಲಿನ ಯುವಕರಿಗೆ ಕಲಿಸಿದರು. ಆಮೇಲೆ ಭುವನೇಶ್ವರಕ್ಕೆ ಹೋದರು. ಅಲ್ಲೇ ಕ್ಯಾನ್ಸರ್‌ನಿಂದ 1964ರ ಡಿಸೆಂಬರ್ 1ರಂದು ನಿಧನರಾದರು. ಆ ಎರಡು ಹಾರ್ಮೋನುಗಳ ಜೀನುಗಳನ್ನು ವಿಜ್ಞಾನಿಗಳು ಓದಿದ್ದು 1980ರ ದಶಕದಲ್ಲಿ. ಮನುಷ್ಯನ 20ನೇ ವರ್ಣತಂತುವಿನಲ್ಲಿ ಅವೆರಡೂ ಅಕ್ಕಪಕ್ಕದಲ್ಲೇ ಇದ್ದವು. ಹಾಲ್ಡೇನ್ ಅದನ್ನು ನೋಡಲಿಲ್ಲ. ಅವರ ದೇಹವನ್ನು ಅವರ ಇಚ್ಛೆಯಂತೆ ಕಾಕಿನಾಡದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಕಲಿಕೆಗೆ ಕೊಡಲಾಯಿತು.