ಕೈಗಡಿಯಾರಕ್ಕೆ ಮಾನ ತಂದ ಹ್ಯಾನ್ಸ್ ವಿಲ್ಸ್‌ಡಾರ್ಫ್

ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರಂತೆ ಕೈಗಡಿಯಾರಗಳನ್ನು ಕೂಡಿಡುವ ಹವ್ಯಾಸಿಗಳೂ ಜಗತ್ತಿನಲ್ಲಿ ಅನೇಕರಿದ್ದಾರೆ. ಮೊಬೈಲ್ ಫೋನೇ ವೇಳೆ ತಿಳಿಸುವ ಈ ಕಾಲದಲ್ಲಿಯೂ ಹಳೆಯದೊಂದು ಗಡಿಯಾರಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು, ಅದರ ಸದ್ದನ್ನು ಆಲಿಸುವುದರಲ್ಲಿ ಅವರಿಗೊಂದು ಆನಂದ. ಇಂಥವರಲ್ಲಿ ರೋಲೆಕ್ಸ್ ಎಂಬ ಹೆಸರಿಗೆ ವಿಶೇಷ ಮನ್ನಣೆಯುಂಟು. ಆ ಹೆಸರನ್ನು ಹುಟ್ಟಿಸಿದ ಹ್ಯಾನ್ಸ್ ವಿಲ್ಸ್‌ಡಾರ್ಫನು ಗಡಿಯಾರದ ಮನೆತನದಲ್ಲಿ ಹುಟ್ಟಿದವನಲ್ಲ. ಆತನ ಬಾಳು ನಮ್ಮಂಥ ವಿದ್ಯಾರ್ಥಿಗಳು ಅರಿಯತಕ್ಕದ್ದಾಗಿದೆ.

ವಿಲ್ಸ್‌ಡಾರ್ಫನು 1881ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಕುಲ್ಮ್‌ಬಾಖ್ ಎಂಬ ಊರಿನಲ್ಲಿ ಜನಿಸಿದನು. ಹನ್ನೆರಡರ ಪ್ರಾಯಕ್ಕೇ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡನು. ಬಂಧುಗಳಾದ ಹಿರಿಯರು ಮನೆಯ ವ್ಯಾಪಾರವನ್ನು ಮಾರಿ, ಹುಡುಗನನ್ನು ವಿದ್ಯಾರ್ಥಿನಿಲಯವಿದ್ದ ಶಾಲೆಗೆ ಸೇರಿಸಿದರು. ಗಣಿತದಲ್ಲಿಯೂ ಭಾಷೆಗಳಲ್ಲಿಯೂ ಆತನಿಗೆ ಒಲವಿತ್ತು. ಆ ಭಾಷೆಯೇ ಮುಂದೆ ಅನ್ನ ಕೊಟ್ಟಿತು. 1900ರ ಹೊತ್ತಿಗೆ ಆತನು ಸ್ವಿಟ್ಜರ್‌ಲೆಂಡಿನ ಲಾ ಶೋ ದ ಫೋಂ ಪಟ್ಟಣದಲ್ಲಿ, ಗಡಿಯಾರ ರಫ್ತುಮಾಡುವ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಪತ್ರವ್ಯವಹಾರದ ಗುಮಾಸ್ತನಾದನು. ದಿನವೂ ನೂರಾರು ಜೇಬುಗಡಿಯಾರಗಳಿಗೆ ಕೀಲಿ ಕೊಟ್ಟು, ಅವು ಸರಿಯಾಗಿ ನಡೆಯುವುವೇ ಎಂದು ನೋಡುವುದೂ ಆತನ ಪಾಲಿನ ಕೆಲಸವಾಗಿತ್ತು. ಬೇಸರ ತರಿಸಬಹುದಾದ ಈ ಕೆಲಸದಲ್ಲಿಯೇ ಗಡಿಯಾರದ ಗುಣದೋಷಗಳನ್ನು ಆತನು ಕಲಿತುಕೊಂಡನು.

1903ರಲ್ಲಿ ಲಂಡನ್ನಿಗೆ ಹೋಗಿ, 1905ರಲ್ಲಿ ಭಾವಮೈದುನ ಆಲ್ಫ್ರೆಡ್ ಡೇವಿಸನೊಡನೆ ಸ್ವಂತ ವ್ಯಾಪಾರ ಹೂಡಿದನು. ಆಗ ಆತನಿಗೆ ಇಪ್ಪತ್ತನಾಲ್ಕು ವರ್ಷ. ಕೈಗೆ ಕಟ್ಟುವ ಗಡಿಯಾರವೆಂದರೆ ಹೆಂಗಸರ ಬಳೆಯಂಥ ಒಡವೆಯೆಂದು ಗಂಡಸರು ನಗುತ್ತಿದ್ದ ಕಾಲವದು. ಅಷ್ಟು ಚಿಕ್ಕ ಯಂತ್ರವು ಧೂಳು, ತೇವ, ಕೈಯ ಅಲುಗಾಟಗಳನ್ನು ತಡೆದು ಸರಿಯಾದ ವೇಳೆ ತೋರಿಸಲಾರದೆಂಬುದು ಬಲ್ಲವರ ಅಭಿಪ್ರಾಯ. ವಿಲ್ಸ್‌ಡಾರ್ಫನು ಅವರೊಡನೆ ವಾದಕ್ಕೆ ನಿಲ್ಲಲಿಲ್ಲ. ಸ್ವಿಟ್ಜರ್‌ಲೆಂಡಿನ ಬೀಲ್ ನಗರದ ಏಗ್ಲರ್ ಕಾರ್ಖಾನೆಯಿಂದ ಉತ್ತಮವಾದ ಚಿಕ್ಕ ಯಂತ್ರಗಳನ್ನು ತರಿಸಿ, 1908ರಲ್ಲಿ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿ, ತನ್ನ ಗಡಿಯಾರವನ್ನು ಪರೀಕ್ಷೆಗೆ ಕಳುಹಿಸಿದನು. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯವು ಅದನ್ನು 45 ದಿನಗಳ ಕಾಲ, ಐದು ಭಂಗಿಗಳಲ್ಲಿಯೂ ಮೂರು ಬಗೆಯ ಉಷ್ಣತೆಗಳಲ್ಲಿಯೂ ಪರೀಕ್ಷಿಸಿ, ಪ್ರಥಮ ದರ್ಜೆಯ ಪ್ರಮಾಣಪತ್ರವನ್ನು ನೀಡಿತು. ಅದೇ ವರ್ಷ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕಂದಕಗಳಲ್ಲಿದ್ದ ಸೈನಿಕರಿಗೆ ಜೇಬಿಗೆ ಕೈಹಾಕಿ ಗಡಿಯಾರ ತೆಗೆಯುವಷ್ಟು ಪುರಸೊತ್ತೆಲ್ಲಿ? ನಗುತ್ತಿದ್ದ ಗಂಡಸರೇ ಅದನ್ನು ಕೈಗೆ ಕಟ್ಟಿಕೊಂಡರು.

1919ರಲ್ಲಿ ಸಂಸ್ಥೆಯು ಜಿನೀವಾಕ್ಕೆ ಹೋಯಿತು. 1926ರಲ್ಲಿ ನೀರು ಹೊಗದ ಆಯ್‌ಸ್ಟರ್ ಗಡಿಯಾರ ಹೊರಬಂದಿತು. ಕೀಲಿಯ ಗುಂಡಿಯನ್ನು ತಿರುಪಿನಂತೆ ಬಿಗಿಯುವ ಉಪಾಯ ಇತರರದು. ಅದರ ಬೆಲೆಯನ್ನು ಕಂಡು ಹಕ್ಕನ್ನು ಕೊಂಡದ್ದು ವಿಲ್ಸ್‌ಡಾರ್ಫನ ಜಾಣ್ಮೆ. 1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಜ್ ಎಂಬ ಈಜುಗಾತಿಯು ಈ ಗಡಿಯಾರವನ್ನು ಕೊರಳಿಗೆ ತೂಗುಹಾಕಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. ಹತ್ತು ತಾಸಿಗೂ ಮಿಕ್ಕಿ ಈಜಿದರೂ ಕೊರೆಯುವ ಚಳಿಯಿಂದ ಆಕೆಯನ್ನು ದಡ ಮುಟ್ಟುವ ಮೊದಲೇ ದೋಣಿಗೆ ಎತ್ತಿಕೊಳ್ಳಬೇಕಾಯಿತು. ಗಡಿಯಾರ ಮಾತ್ರ ನಿಂತಿರಲಿಲ್ಲ. ಮರುತಿಂಗಳೇ ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ಮೊದಲ ಪುಟವನ್ನು ಕೊಂಡು ವಿಲ್ಸ್‌ಡಾರ್ಫನು ಈ ಸಂಗತಿಯನ್ನು ಸಾರಿದನು.

ಪ್ರಮಾಣಪತ್ರವಿಲ್ಲದೆ ತನ್ನ ಗಡಿಯಾರವನ್ನೇ ನಂಬದ ಈ ಮನುಷ್ಯನು ಮನುಷ್ಯರನ್ನು ನಂಬಿದ ರೀತಿ ಇನ್ನೂ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಬ್ರಿಟಿಷ್ ಸೈನಿಕರು ಕಾಗದ ಬರೆದು ಕೇಳಿದರೆ ಸಾಕು, ಆತನು ಗಡಿಯಾರ ಕಳುಹಿಸುತ್ತಿದ್ದನು. ಹಣವನ್ನು ಯುದ್ಧ ಮುಗಿದ ಮೇಲೆ ಕೊಟ್ಟರಾಯಿತು. ಬದುಕಿ ಬರುವರೋ ಇಲ್ಲವೋ ತಿಳಿಯದವರಿಗೆ ಕೊಟ್ಟ ಸಾಲವದು! ಆ ಗಡಿಯಾರಗಳನ್ನೂ ಅವುಗಳೊಡನೆ ಬಂದ ಕಾಗದಗಳನ್ನೂ ಸಂಗ್ರಾಹಕರು ಇಂದಿಗೂ ಜೋಪಾನಮಾಡುತ್ತಾರೆ.

1944ರಲ್ಲಿ ಪತ್ನಿಯು ತೀರಿಕೊಂಡಳು. ಮಕ್ಕಳಿಲ್ಲದ ವಿಲ್ಸ್‌ಡಾರ್ಫನು ಮರುವರ್ಷ ತನ್ನ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ, ಸಂಸ್ಥೆಯ ಒಡೆತನ ಅದಕ್ಕೆ ಸೇರುವಂತೆ ಮಾಡಿ, 1960ರ ಜುಲೈ 6ರಂದು ಜಿನೀವಾದಲ್ಲಿ ನಿಧನನಾದನು. ಅದರ ಮರುವರ್ಷ, 1961ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಒಂದು ಕಾಲದಲ್ಲಿ ನಗೆಪಾಟಲಾಗಿದ್ದ ವಸ್ತು ಸಾಮಾನ್ಯರ ಕೈಗೂ ಬಂದಿತು.

ನಮ್ಮಲ್ಲಿ ಅನೇಕರು ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಹಿಂದೆ ಹೇಳಿಕೊಳ್ಳಲು ಹೆಸರಿಲ್ಲ, ಮುಂದೆ ಕೈಹಿಡಿಯುವವರಿಲ್ಲ. ಈ ಅಳುಕು ನನಗೂ ಉಂಟು. ಅಂಥವರಿಗೆ ವಿಲ್ಸ್‌ಡಾರ್ಫನ ಬಾಳು ಧೈರ್ಯ ಹೇಳುತ್ತದೆ. ತನ್ನನ್ನು ನಂಬಿರೆಂದು ಆತನು ಯಾರನ್ನೂ ಬೇಡಲಿಲ್ಲ, ಪರೀಕ್ಷಿಸಿ ನೋಡಿರೆಂದನು. ಗೆದ್ದ ಮೇಲೆ, ಕಷ್ಟದಲ್ಲಿದ್ದವರನ್ನು ಪರೀಕ್ಷಿಸದೆಯೇ ನಂಬಿದನು. ಮೊದಲನೆಯದು ಜಾಣತನವಾದರೆ ಎರಡನೆಯದು ದೊಡ್ಡತನ. ಇವೆರಡೂ ಒಬ್ಬನಲ್ಲಿಯೇ ಕೂಡಿಬರುವುದು ಅಪರೂಪವಲ್ಲವೆ?